ಒಂದೇ ಸೀಟಿನ ಯೆಜ್ಡಿ

ಫೆಬ್ರವರಿ 11, 2013

ಐದು ದಿನದಿಂದ ತಲೆಯ ಮೇಲೆ ಹಾರುತ್ತಿದ್ದ ವಿಮಾನಗಳು ನಿನ್ನೆಗೆ ಮುಗಿದವು. ಏರ್ ಶೋ ಬಂತೆಂದರೆ ನಮ್ಮ ಅಟ್ಟೂರಿನಲ್ಲಿ ತಾರಸಿಗಳ ಮೇಲೆಲ್ಲ ಜನ. ಮಗಳು ತೇಜು ಚಿಕ್ಕವಳಿದ್ದಾಗ ಉಪ್ಪಿಟ್ಟಿನ ತಟ್ಟೆ ಹಿಡಿದುಕೊಂಡು ದಿನವಿಡೀ ಮೇಲೇ ಇರುತ್ತಿದ್ದಳು. ಈ ಸಲ ಕೋಣೆಯ ಕಿಟಕಿಯನ್ನೂ ತೆಗೆಯಲಿಲ್ಲ.

ನನಗೆ ಬರೆಯುವ ಅಭ್ಯಾಸವಿಲ್ಲ. ಬ್ಲೌಸಿನ ಅಳತೆ ಗುರುತು ಹಾಕುವ ಪುಸ್ತಕದ ಹಿಂದಿನ ಹಾಳೆಗಳಲ್ಲಿ ಬರೆಯುತ್ತಿದ್ದೇನೆ. ಯಾರ ಹತ್ತಿರವೂ ಹೇಳಲಾಗದ್ದನ್ನು ಎಲ್ಲಾದರೂ ಇಳಿಸಬೇಕಲ್ಲ.

ಜನವರಿ ಹತ್ತೊಂಬತ್ತಕ್ಕೆ ತೇಜುವಿನ ಇಂಜಿನಿಯರಿಂಗ್ ಕಾಲೇಜಿನಿಂದ ಫೋನ್ ಬಂತು. ನಿಮ್ಮ ಮಗಳು ಜೂನ್ ತಿಂಗಳಿಂದ ಬಂದೇ ಇಲ್ಲ ಎಂದರು. ಬೇರೆ ಯಾರ ಮಗಳೋ ಇರಬೇಕು, ಸರಿಯಾಗಿ ನೋಡಿ ಎಂದು ನಾನು ಜಗಳವನ್ನೇ ಆಡಿದೆ. ಏಳು ತಿಂಗಳು ಪ್ರತಿ ಬೆಳಿಗ್ಗೆ ಏಳೂವರೆಗೆ ಬ್ಯಾಗ್ ಹಾಕಿಕೊಂಡು ಹೊರಡುತ್ತಿದ್ದಳು. ಡಬ್ಬಿ ಕಟ್ಟಿ ಕೊಡುತ್ತಿದ್ದವಳು ನಾನೇ. ಸಂಜೆ ಡಬ್ಬಿ ಖಾಲಿಯಾಗಿ ವಾಪಸ್ ಬರುತ್ತಿತ್ತು. ಎರಡನೇ ವರ್ಷ ನಾಲ್ಕು ವಿಷಯಗಳಲ್ಲಿ ಫೇಲಾಗಿದ್ದಳಂತೆ, ಅದನ್ನೂ ಮುಚ್ಚಿಟ್ಟಿದ್ದಳು. ಇಷ್ಟು ದಿನ ಎಲ್ಲಿದ್ದೆ ಎಂದು ಕೇಳಿದರೆ ಬಾಯಿ ಬಿಡುವುದಿಲ್ಲ. ಅವತ್ತು ಕೋಣೆ ಸೇರಿದವಳು. ಇವತ್ತಿಗೆ ಇಪ್ಪತ್ತಮೂರು ದಿನ.

ಕೋಣೆಯ ಒಳಚಿಲಕವನ್ನು ನಮ್ಮವರು ಬಿಚ್ಚಿ ತೆಗೆದಿದ್ದಾರೆ. ಯಾಕೆಂದು ಅವರು ಹೇಳಲಿಲ್ಲ, ನಾನು ಕೇಳಲಿಲ್ಲ. ಅವರು ಏರ್‌ಪೋರ್ಟ್ ಟ್ಯಾಕ್ಸಿ ಓಡಿಸುವವರು. ಮನೆಯಲ್ಲಿದ್ದಾಗ ಮಲಗಿರುತ್ತಾರೆ, ಎದ್ದಾಗ ಡ್ಯೂಟಿ. ಹಗಲೆಲ್ಲ ಅವಳನ್ನು ಕಾಯುವುದು ನನ್ನ ಪಾಲಿಗೆ ಬಂದಿದೆ. ಪೊರಕೆ ಹುಡುಕುವ ನೆಪ, ಗುಂಡಿ ಡಬ್ಬಿ ಹುಡುಕುವ ನೆಪ. ಹೊದ್ದುಕೊಂಡಿರುವ ಹೊದಿಕೆ ಏರಿಳಿಯುವುದನ್ನು ನೋಡಿ ಹೊರಗೆ ಬರುತ್ತೇನೆ.

ಫೆಬ್ರವರಿ 20

ಹದಿನಾಲ್ಕು ಸಲ ಒಳಗೆ ಹೋದೆ. ಒಂದು ಬ್ಲೌಸೂ ಮುಗಿಯಲಿಲ್ಲ.

ಮಾರ್ಚ್ 3

ಚಿಕ್ಕಜಾಲದಲ್ಲಿ ನಮ್ಮ ದೊಡ್ಡಪ್ಪ ಚಿಕ್ಕಮಾರಯ್ಯನವರ ಮರಿಮಗುವಿಗೆ ಹೆಸರಿಡುವ ಶಾಸ್ತ್ರ ಇತ್ತು. ತೇಜುವನ್ನು ಒಬ್ಬಳೇ ಬಿಟ್ಟು ಹೋಗುವ ಧೈರ್ಯ ಇರಲಿಲ್ಲ, ಬಲವಂತವಾಗಿ ಕರೆದುಕೊಂಡು ಹೋದೆ. ಊಟದ ಪಂಕ್ತಿಯಲ್ಲಿ ಪಕ್ಕದಲ್ಲೇ ಇದ್ದಳು. ಮಜ್ಜಿಗೆ ಬರುವಷ್ಟರಲ್ಲಿ ಇಲ್ಲ.

ಎದ್ದು ಓಡಿದೆ. ಎಂಜಲು ಕೈಯಲ್ಲೇ ಹಿತ್ತಲಿಗೆ ಹೋಗಿ ಬಾವಿಯೊಳಗೆ ಬಗ್ಗಿ ನೋಡಿದೆ. ಬತ್ತಿ ಎಷ್ಟೋ ವರ್ಷವಾದ ಬಾವಿ. ತಳದಲ್ಲಿ ಒಂದು ಒಡೆದ ಪ್ಲಾಸ್ಟಿಕ್ ಕೊಡ ಬಿಟ್ಟು ಏನೂ ಇರಲಿಲ್ಲ. ಬಾವಿಕಟ್ಟೆಯ ಮೇಲೆ ಅಲ್ಲೇ ಕೂತೆ. ಆಗ ದನದ ಕೊಟ್ಟಿಗೆಯಿಂದ ದೊಡ್ಡಪ್ಪನ ಧ್ವನಿ ಕೇಳಿಸಿತು.

ತೇಜು ಕೊಟ್ಟಿಗೆಯ ಮೂಲೆಯಲ್ಲಿ ಕುಕ್ಕರುಗಾಲಲ್ಲಿ ಕೂತಿದ್ದಳು. ಎದುರಿಗೆ ದೊಡ್ಡಪ್ಪನ ಹಳೆಯ ಯೆಜ್ಡಿ ಬೈಕು. ಸೀಟಿನ ಸ್ಪಂಜು ಕಿತ್ತುಹೋಗಿ ಅಲ್ಲಿ ಕೋಳಿ ಕಾವು ಕೂತಿತ್ತು.

"ಇದು ಓಡುತ್ತಾ ತಾತ?" ಎಂದಳು. ಆರು ವಾರದಲ್ಲಿ ಅವಳಾಗಿ ಕೇಳಿದ ಮೊದಲ ಪ್ರಶ್ನೆ.

"ಓಡೋದ್ ಬುಟ್ಟು ಅನ್ನೆಲ್ಡು ವರ್ಸ ಆಯ್ತು ಕಣವ್ವ. ಆಲಿನ ಕ್ಯಾನ್ ಕಟ್ಕಂಡು ಯಲಂಕಕ್ಕೆ ಓಯ್ತಿದ್ದೆ."

"ನಾನು ತಗೊಂಡೋಗ್ಲಾ?"

"ಕೋಳೀನ ಕೇಳು. ಈಗ ಅದುರ್ದೇ ಮನೆ."

ಅವಳು ನಗಲಿಲ್ಲ. ಆದರೆ ಮುಖ ತಿರುಗಿಸಿಕೊಳ್ಳಲೂ ಇಲ್ಲ. ಬರುವಾಗ ಕಾರಿನಲ್ಲಿ ಅವಳ ಬೆರಳ ತುದಿಯೆಲ್ಲ ತುಕ್ಕಿನ ಕೆಂಪು. ಒರೆಸಿಕೋ ಎಂದು ಸೆರಗು ಕೊಟ್ಟೆ. ಬೇಡವೆಂದಳು.

ಮಾರ್ಚ್ 10

ದೊಡ್ಡಪ್ಪ ಕೊಟ್ಟ ಯೆಜ್ಡಿ ಟೆಂಪೊದಲ್ಲಿ ಮನೆಗೆ ಬಂತು. ನಮ್ಮವರಿಗೆ ಕೋಪ. ಪುಸ್ತಕ ಹಿಡಿಯಬೇಕಾದವಳಿಗೆ ಗುಜರಿ ಯಾಕೆ ಎಂದು ನನ್ನ ಮೇಲೆ ರೇಗಿದರು. ಜುಲೈ ಕೊನೆಯೊಳಗೆ ಮತ್ತೆ ಸೇರಿಸಿಕೊಳ್ಳಲು ಅರ್ಜಿ ಹಾಕಬಹುದೆಂದು ಕಾಲೇಜಿನಲ್ಲಿ ಹೇಳಿದ್ದಾರಂತೆ. ಅಲ್ಲಿಯವರೆಗೆ ಏನಾದರೂ ಮಾಡಿಕೊಳ್ಳಲಿ, ಆಮೇಲೆ ಕಾಲೇಜಿಗೆ ಹೋಗಬೇಕು ಎಂದು ಮಾತು ಮುಗಿಸಿದರು.

ಸಂಜೆ ತೇಜು ಮೊಬೈಲಿನಲ್ಲಿ ಒಂದು ಫೋಟೊ ತೋರಿಸಿದಳು. ಹಳೆಯ ಬೈಕನ್ನು ಹಾಗೆ ಮಾಡುತ್ತಾರಂತೆ, ಕೆಫೆ ರೇಸರ್ ಅನ್ನುತ್ತಾರಂತೆ. ಹಿಂದಿನ ಮಡ್ಗಾರ್ಡ್ ಇಲ್ಲ, ಪಕ್ಕದ ಡಬ್ಬಿಗಳಿಲ್ಲ. ಹ್ಯಾಂಡಲ್ ಕೆಳಗೆ, ಓಡಿಸುವವನು ಟ್ಯಾಂಕಿನ ಮೇಲೆ ಬಗ್ಗಿ ಮಲಗಿದ ಹಾಗೆ. ಒಬ್ಬರಿಗೆ ಮಾತ್ರ ಸೀಟು, ಹಿಂದೆ ಸಣ್ಣ ಡುಬ್ಬ. ಅರ್ಧ ಗಾಡಿಯನ್ನು ಯಾರೋ ತಿಂದುಬಿಟ್ಟಿದ್ದಾರಲ್ಲೇ ಎಂದೆ. ಬೇಡದ್ದನ್ನೆಲ್ಲ ತೆಗೆದುಬಿಡೋದೇ ಅದು ಎಂದಳು.

ಮಾರ್ಚ್ 27

ಯಲಹಂಕ ಹಳೇ ಊರಿನಲ್ಲಿ ಮುನಿಯಲ್ಲಪ್ಪನವರ ಗ್ಯಾರೇಜಿದೆ. ಅರವತ್ತು ದಾಟಿದ ಮನುಷ್ಯ, ಇಂಥ ಹಳೆಯ ಗಾಡಿಗಳಿಗೆಲ್ಲ ಅವರೇ ಡಾಕ್ಟರು. ಗಾಡಿ ಸಮೇತ ಅಮ್ಮ ಮಗಳು ಇಬ್ಬರೂ ಹೋಗಿದ್ದೆವು. ಫೋಟೊ ನೋಡಿ ಅವರಿಗೆ ಮೈ ಉರಿಯಿತು. ಎಪ್ಪತ್ತಾರರ ಗಾಡಿ, ಎಲ್ಲ ಒರಿಜಿನಲ್ ಇದೆ, ಇದನ್ನು ಕುಯ್ಯುವ ಕೈ ನನ್ನದಲ್ಲ ಎಂದರು. ತೇಜು ಜಾಗ ಬಿಟ್ಟು ಕದಲಲಿಲ್ಲ. ಕೊನೆಗೆ ಅವರೇ ಸೋತರು.

"ಮೊದ್ಲು ಇದ್ದಂಗೇ ಓಡ್ಸಿ ತೋರ್ಸು. ಎಂಜಿನ್ನು ನೀನೇ ಬಿಚ್ಬೇಕು, ನೀನೇ ಕೂಡುಸ್ಬೇಕು. ಓಡ್ತು ಅಂದ್ರೆ ಕುಯ್ಯೋದು ನಾನು ಹೇಳ್ಕೊಡ್ತೀನಿ."

ನಾಳೆಯಿಂದ ಹೋಗುತ್ತಾಳಂತೆ. ಹತ್ತರಿಂದ ಐದು.

ಏಪ್ರಿಲ್ 12

ನಿನ್ನೆ ಯುಗಾದಿ. ಮಧ್ಯಾಹ್ನದ ತನಕ ಗ್ಯಾರೇಜಿನಲ್ಲಿದ್ದು ಬಂದಳು. ಕೂದಲಿನಲ್ಲೆಲ್ಲ ಸೀಮೆಎಣ್ಣೆ ವಾಸನೆ. ಎಣ್ಣೆ ಹಚ್ಚಿ ತಲೆಗೆ ನೀರು ಹಾಕುತ್ತೇನೆಂದೆ, ಹೂಂ ಎಂದಳು. ಎರಡು ಸಲ ಸೀಗೇಪುಡಿ ಹಾಕಿ ತಿಕ್ಕಬೇಕಾಯಿತು.

ಏಪ್ರಿಲ್ 24

ಇವತ್ತು ಆಗಿದ್ದನ್ನು ಬರೆಯಲು ನಾಚಿಕೆ.

ಸೋಮವಾರ ಮಧ್ಯಾಹ್ನ ಎರಡು ಗಂಟೆಗೆ ಹೊಲಿಯುತ್ತಿದ್ದಾಗ ಒಂದು ಅನುಮಾನ ಬಂತು. ನಿಜವಾಗಿಯೂ ಗ್ಯಾರೇಜಿನಲ್ಲೇ ಇದ್ದಾಳಾ? ಹೊಲಿಗೆ ಬಿಟ್ಟು ಆಟೊ ಹತ್ತಿದೆ. ಗ್ಯಾರೇಜಿನ ಎದುರಿಗೆ ಎಳನೀರಿನ ಗಾಡಿಯ ಮರೆಯಲ್ಲಿ ನಿಂತು ನೋಡಿದೆ. ಇದ್ದಳು. ನೆಲದ ಮೇಲೆ ಕೂತು ಏನನ್ನೋ ಬ್ರಷ್‌ನಲ್ಲಿ ತಿಕ್ಕುತ್ತಿದ್ದಳು. ಒಂದು ಎಳನೀರು ಕುಡಿದು ಮನೆಗೆ ಬಂದೆ. ನಿನ್ನೆಯೂ ಹೋದೆ. ಇವತ್ತೂ ಹೋದೆ. ಇವತ್ತು ಅವಳು ತಲೆ ಎತ್ತಿದಳು.

ಕೂಗಾಡಲಿಲ್ಲ. ಕೈಯಲ್ಲಿದ್ದುದನ್ನು ಕೆಳಗಿಟ್ಟು, ಕೈ ತೊಳೆದು, ನನ್ನ ಪಕ್ಕದಲ್ಲೇ ನಡೆದು ಬಸ್ ಹತ್ತಿದಳು. ನಾನು ಹಿಂದಿನ ಸೀಟಿನಲ್ಲಿ. ಮನೆಗೆ ಬಂದು ಬಾಗಿಲು ಹಾಕಿಕೊಂಡಳು.

ತಾಯಿ ಮಗಳನ್ನು ನೋಡಲು ಹೋಗುವುದು ಅಪರಾಧವೇ? ಏಳು ತಿಂಗಳು ಸುಳ್ಳು ಹೇಳಿದವಳು ಅವಳು, ನಾನಲ್ಲ.

ಏಪ್ರಿಲ್ 25

ಅವಳು ಬಾಗಿಲು ತೆರೆದಿಲ್ಲ.

ಮೇ 1

ಊಟದ ತಟ್ಟೆ ಹಾಗೇ ಇದೆ.

ಮೇ 10

ಮುನಿಯಲ್ಲಪ್ಪನವರು ಮನೆಗೆ ಬಂದಿದ್ದರು. ಕೈಯಲ್ಲಿ ಪ್ಲಾಸ್ಟಿಕ್ ಚೀಲ, ಅದರೊಳಗೆ ಎಂಜಿನ್ನಿಗೆ ಪೆಟ್ರೋಲ್ ಹನಿಸುವ ಕಾರ್ಬುರೇಟರು ತುಂಡು ತುಂಡಾಗಿ. ಕಾಫಿ ಕುಡಿಯುವಾಗ ಕೋಣೆಯ ಕಡೆಗೆ ಕೇಳಿಸುವಂತೆ, ಬಿಚ್ಚಿದವರಿಗೇ ಇದನ್ನು ಕೂಡಿಸುವುದು ಗೊತ್ತು, ನನ್ನ ಕೈಯಲ್ಲಾಗದು ಎಂದರು. ನಲವತ್ತು ವರ್ಷ ಅದೇ ಕೆಲಸ ಮಾಡಿದವರು.

ಗೇಟಿನ ಹತ್ತಿರ ನನಗೊಬ್ಬಳಿಗೇ ಹೇಳಿದರು: "ತಾಯಿ, ಗ್ಯಾರೇಜಿನೊಳಗೆ ಒಂದು ಸ್ಟೂಲ್ ಐತೆ. ನೋಡ್ಬೇಕು ಅನ್ಸಿದ್ರೆ ಒಳಕ್ಕೆ ಬಂದು ಕೂತ್ಕೊಳಿ. ಬಿಸಿಲಲ್ಲಿ ಯಾಕೆ ನಿಲ್ತೀರ?"

ಅವರು ಹೋದಮೇಲೆ ಬಾಗಿಲ ಹೊರಗೆ ನಿಂತು, ನಿನ್ನ ಹಿಂದೆ ಬಂದಿದ್ದು ತಪ್ಪಾಯಿತು ಎಂದೆ. ಚೀಲವನ್ನು ಬಾಗಿಲಿಗೆ ಒರಗಿಸಿಟ್ಟು ಬಂದೆ.

ಮೇ 11

ಬೆಳಿಗ್ಗೆ ಚೀಲ ಅಲ್ಲಿರಲಿಲ್ಲ. ಹತ್ತು ಗಂಟೆಗೆ ತೇಜು ಹೊರಗೆ ಬಂದು ನನ್ನ ಮೆಷಿನ್ನಿನ ಎದುರು ನೆಲದ ಮೇಲೆ ಕೂತಳು.

"ನಾನು ಅಲ್ಲಿ ಇರಲ್ಲ ಅಂದ್ಕೊಂಡಿದ್ಯಾ?"

"ಹೂಂ."

"ಇದ್ನಲ್ಲ."

"ಮೂರು ದಿನಾನೂ ನೀನು ಅಲ್ಲೇ ಇದ್ದೆ ಕಣೇ."

ಹೊಟ್ಟೆ ಹಸಿತಿದೆ ಎಂದಳು. ದೋಸೆ ಹಿಟ್ಟು ಇತ್ತು.

ಮೇ 28

ಗಾಡಿ ಸ್ಟಾರ್ಟ್ ಆಯಿತು.

ನಾನು ಅಲ್ಲಿಯೇ ಇದ್ದೆ, ಸ್ಟೂಲಿನ ಮೇಲೆ. ಮಧ್ಯಾಹ್ನ ಕರೆದಿದ್ದು ತೇಜುವೇ. ಈ ಗಾಡಿಯಲ್ಲಿ ಕಿಕ್ಕರ್ ಬೇರೆ, ಗೇರ್ ಬೇರೆ ಅಂತಿಲ್ಲ. ಒಂದೇ ಕೋಲು, ಮೇಲೆತ್ತಿದರೆ ಕಿಕ್ಕರ್, ಇಳಿಸಿದರೆ ಗೇರ್. ಮೂವತ್ತು ನಲವತ್ತು ಸಲ ತುಳಿದಳು. ಮುಖ ಕೆಂಪಾಯಿತು. ಮುನಿಯಲ್ಲಪ್ಪನವರು ಬೀಡಿ ಹಿಡಿದು ಹೊರಗೆ ನಿಂತಿದ್ದರು, ಸಹಾಯಕ್ಕೆ ಬರಲಿಲ್ಲ. ಅವಳು ಪ್ಲಗ್ ಬಿಚ್ಚಿ, ಒರೆಸಿ, ಮತ್ತೆ ಹಾಕಿ ತುಳಿದಳು. ಡಬ್ ಎಂದು ಒಂದು ಸದ್ದು. ಆಮೇಲೆ ಎರಡು ಸೈಲೆನ್ಸರಿನಿಂದಲೂ ಬಿಳಿ ಹೊಗೆ ಬಂದು ಗ್ಯಾರೇಜೇ ಕಾಣದಂತಾಯಿತು. ಕೆಮ್ಮು ತಡೆಯಲಾಗದೆ ನಾನು ಬೀದಿಗೆ ಓಡಿಬಂದೆ. ಹೊಗೆಯ ಒಳಗಿನಿಂದ ನಗುವ ಸದ್ದು ಕೇಳಿಸುತ್ತಿತ್ತು. ಯಾರದೆಂದು ತಿಳಿಯಲು ಒಂದು ಕ್ಷಣ ಬೇಕಾಯಿತು.

ಜೂನ್ 5

ಕುಯ್ದಾಯಿತು. ಗಾಡಿಯ ಚೌಕಟ್ಟಿನ, ಅಂದರೆ ಚಾಸಿಯ, ಹಿಂದಿನ ಬಾಲವನ್ನು ಗ್ರೈಂಡರಿನಲ್ಲಿ ಅವಳೇ ಕತ್ತರಿಸಿದಳು. ಮುನಿಯಲ್ಲಪ್ಪನವರು ಬೀಳುವ ತುಂಡನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಿದ್ದರು. ನೆಲಕ್ಕೆ ಬೀಳಗೊಡಲಿಲ್ಲ.

ಫೋಟೊದಲ್ಲಿದ್ದ ಹಾಗೆ ಕಾಲಿಡುವ ಕಂಬಿಗಳನ್ನು ಹಿಂದಕ್ಕೆ ತರಬೇಕೆಂಬ ಆಸೆ ಅವಳಿಗಿತ್ತು. ಅದು ಆಗುವುದಿಲ್ಲವಂತೆ. ಹಿಂದಕ್ಕೆ ತಂದರೆ ಆ ಒಂದೇ ಕೋಲು ಕಾಲಿಗೆ ಎಟುಕುವುದಿಲ್ಲ. ಎರಡು ದಿನ ಮುಖ ಊದಿಸಿಕೊಂಡಿದ್ದಳು. ಮತ್ತೆ ಕೋಣೆ ಸೇರುತ್ತಾಳೇನೋ ಎಂದು ನನಗೆ ಪುಕಪುಕ. ಇವತ್ತು ಮುನಿಯಲ್ಲಪ್ಪನವರು, "ಫೋಟೊದಲ್ಲಿರೋದು ಅವನ ಗಾಡಿ ಮಗಾ, ಇದು ನಿಂದು. ಕಾಲು ಎಲ್ಲಿ ಎಟುಕ್ತದೋ ಅಲ್ಲೇ ಇರ್ಲಿ ಬಿಡು" ಎಂದರಂತೆ. ಊಟ ಮಾಡುತ್ತಾ ಅದನ್ನೇ ಎರಡು ಸಲ ಹೇಳಿದಳು.

ಜೂನ್ 16

ಸೀಟು ನೀನೇ ಹೊಲಿದುಕೊಡಮ್ಮ ಎಂದಳು. ಅದೇನು ದೊಡ್ಡ ವಿಷಯ ಎಂದುಕೊಂಡು ರೆಕ್ಸಿನ್ ತಂದು ಮೆಷಿನ್ನಿಗೆ ಕೊಟ್ಟೆ. ಮೂರು ಸೂಜಿ ಮುರಿದವು.

ಆರ್.ಟಿ. ನಗರದಲ್ಲಿ ತಾಹೆರಾ ಎಂಬವರು ಬೈಕ್ ಸೀಟಿನ ಕವರ್ ಹೊಲಿಯುತ್ತಾರೆಂದು ಮುನಿಯಲ್ಲಪ್ಪನವರು ಹೇಳಿದರು. ಹೋದೆ. ನನಗಿಂತ ಒಂದೆರಡು ವರ್ಷ ಚಿಕ್ಕವರಿರಬಹುದು, ಅಂಗಡಿ ಅವರದೇ. ಹೊಲಿದು ಕೊಡಿ ಎಂದು ಕೇಳುವುದೆಂದುಕೊಂಡು ಹೋದವಳು, ಹೇಗೆ ಹೊಲಿಯುವುದು ಹೇಳಿಕೊಡಿ ಎಂದುಬಿಟ್ಟೆ. ಅವರು ನನ್ನ ಕೈ ಬೆರಳು ನೋಡಿದರು.

"ಬ್ಲೌಸ್ ಹೊಲಿಯೋರಾ ಅಕ್ಕ? ಹಾಗಾದ್ರೆ ಕಷ್ಟ ಇಲ್ಲ. ಇದೂ ಮೈಗೆ ಹೊಲಿಯೋದೇ."

ಸ್ಪಂಜನ್ನು ಭುಜದ ಇಳಿಜಾರಿನಂತೆ ಕತ್ತರಿಸುವುದು, ರೆಕ್ಸಿನನ್ನು ಬಿಸಿಲಿಗಿಟ್ಟು ಮೆತ್ತಗೆ ಮಾಡಿಕೊಂಡು ಎಳೆಯುವುದು, ಎಲ್ಲ ತೋರಿಸಿದರು. ಅವರ ದಪ್ಪ ಮೆಷಿನ್ನಿನ ಮೇಲೆ ನಾಲ್ಕು ಗಂಟೆ ಕೂತೆ. ಮನೆಗೆ ಬಂದಾಗ ಆರೂವರೆ. ತೇಜು ಅನ್ನಕ್ಕಿಟ್ಟಿದ್ದಳು.

ಜೂನ್ 18

ಕೂರುವವಳ ಅಳತೆ ಬೇಕಲ್ಲ. ಬೆಂಚಿನ ಮೇಲೆ ಗಾಡಿ ಓಡಿಸುವ ಹಾಗೆ ಬಗ್ಗಿ ಕೂರಿಸಿ ಅಳೆದೆ. ಊರಿನವರಿಗೆಲ್ಲ ಅಳತೆ ತೆಗೆಯುವವಳು ಇವಳನ್ನು ಮುಟ್ಟಿ ಅಳೆದು ಎರಡು ವರ್ಷವಾಗಿತ್ತು. ಸೊಂಟ ನಾಲ್ಕು ಅಂಗುಲ ಇಳಿದಿದೆ.

ಬಗ್ಗಿದವಳು ಹಾಗೇ ಬೆಂಚಿಗೆ ಹೇಳುವವಳಂತೆ ಶುರುಮಾಡಿದಳು. "ಸ್ಟೇಷನ್ನಲ್ಲಿ ಕೂತಿರ್ತಿದ್ದೆ ಅಮ್ಮ. ಯಲಹಂಕ ಸ್ಟೇಷನ್ನು. ಪ್ಲಾಟ್‌ಫಾರಮ್ಮಿನ ಕೊನೇ ಬೆಂಚು."

ಮಳೆ ಬಂದರೆ ಎಂದು ಕೇಳಿದೆ. ಅಲ್ಲೇ ಎಂದಳು. ಯಾರಾದರೂ ತೊಂದರೆ ಕೊಟ್ಟರಾ ಎಂದೆ. ಇಲ್ಲ, ಯಾರೂ ನೋಡುತ್ತಲೇ ಇರಲಿಲ್ಲ ಎಂದಳು.

"ದಿನಾ ಬೆಳಿಗ್ಗೆ, ಇವತ್ತು ಹೇಳ್ಬಿಡ್ತೀನಿ ಅಂತ್ಲೇ ಏಳ್ತಿದ್ದೆ. ಆಚೆ ಬಂದ್ರೆ ನೀನು ಯಾರಿಗೋ ಹುಕ್ ಹಾಕ್ತಾ, ನಮ್ ತೇಜು ಇಂಜಿನಿಯರ್ರು ಅಂತಿದ್ದೆ."

ನನ್ನ ಬಾಯಲ್ಲಿ ಗುಂಡುಸೂಜಿಗಳಿದ್ದವು. ಆ ಏಳು ತಿಂಗಳಲ್ಲಿ ಎಷ್ಟು ಜನರಿಗೆ ಹಾಗೆ ಹೇಳಿದ್ದೆನೋ. ಟೇಪನ್ನು ಅವಳ ಸೊಂಟಕ್ಕೆ ಸುತ್ತಿದ್ದವಳು ಹಾಗೇ ಹಿಡಿದುಕೊಂಡು ನಿಂತೆ. ಅವಳೂ ಬಿಡಿಸಿಕೊಳ್ಳಲಿಲ್ಲ. ಅಳತೆ ಬರೆದುಕೊಳ್ಳುವುದು ಮರೆತು ಸಂಜೆ ಮತ್ತೆ ತೆಗೆಯಬೇಕಾಯಿತು.

ಜುಲೈ 3

ಸೀಟು ಕೂತಿತು. ಕಂದು ಬಣ್ಣ, ಎರಡು ಸಾಲು ಹೊಲಿಗೆ. ಮುನಿಯಲ್ಲಪ್ಪನವರು ಹೆಬ್ಬೆರಳಿನಿಂದ ಅಂಚು ಒತ್ತಿ ನೋಡಿ, ಇನ್ನೊಂದು ಗಾಡಿ ಇದೆ, ಮಾಡಿಕೊಡ್ತೀರಾ ಎಂದು ಕೇಳಿದರು.

ಜುಲೈ 14

ನಮ್ಮವರು ಕಾಲೇಜಿನ ಅರ್ಜಿ ತಂದು ಟೀವಿಯ ಮೇಲಿಟ್ಟಿದ್ದರು. ಇವತ್ತು ಭಾನುವಾರ, ಊಟಕ್ಕೆ ಕೂತಾಗ ತೇಜು ತಾನಾಗಿಯೇ ಮಾತು ತೆಗೆದಳು. ತಟ್ಟೆಯನ್ನು ಪಕ್ಕಕ್ಕೆ ಸರಿಸಿದಳು.

"ಅಪ್ಪ, ನಾನು ಕಾಲೇಜಿಗೆ ಹೋಗಲ್ಲ. ಈ ಸಲ ನಿಮ್ಮ ಎದುರಿಗೇ ಹೇಳ್ತಿದೀನಿ. ಮುನಿಯಲ್ಲಪ್ಪಣ್ಣನ ಹತ್ರ ಕೆಲಸ ಕಲೀತೀನಿ."

ಅವರು ನನ್ನ ಕಡೆ ನೋಡಿದರು. ನಾನು ಸಾರು ಬಡಿಸಬೇಕಿತ್ತು, ಬಡಿಸಲಿಲ್ಲ. ಅವಳು ಹೇಳುತ್ತಿರುವುದು ನಿಜ, ಕೇಳಿ ಎಂದೆ. ಕೈ ತೊಳೆದು ಡ್ಯೂಟಿಗೆ ಹೊರಟುಹೋದರು. ಮುದ್ದೆ ಅರ್ಧ ಉಳಿದಿತ್ತು.

ಜುಲೈ 18

ನಾಲ್ಕು ದಿನದಿಂದ ಅವರು ಯಾರೊಂದಿಗೂ ಮಾತಾಡಿರಲಿಲ್ಲ. ಇವತ್ತು ಮಧ್ಯಾಹ್ನ ಏರ್‌ಪೋರ್ಟಿನ ಪಾರ್ಕಿಂಗಿನಿಂದ ಫೋನ್ ಮಾಡಿದರು. ತೇಜುಗೆ ಕೊಡು ಎಂದರು. ಅವಳು ನಿಂತೇ ಕೇಳಿಸಿಕೊಂಡಳು. ಹೂಂ ಅಪ್ಪ, ಇದೆ ಅಪ್ಪ, ಹಾಕಿಸ್ತೀನಿ ಅಪ್ಪ.

ಏನಂತೆ ಎಂದು ಕೇಳಿದೆ. ಹಿಂದಿನ ಲೈಟು ಎಷ್ಟು ದೊಡ್ಡದಿದೆ ಎಂದು ಕೇಳಿದರಂತೆ. ಏರ್‌ಪೋರ್ಟ್ ರೋಡಿನ ಲಾರಿಯವರಿಗೆ ಸಣ್ಣ ಲೈಟು ಕಾಣುವುದಿಲ್ಲ, ದೊಡ್ಡದೇ ಹಾಕಿಸು ಎಂದರಂತೆ. ಹೇಳುತ್ತಾ ಅಡುಗೆಮನೆಗೆ ಹೋದಳು. ನೀರು ಕುಡಿಯಲು ಹೋದವಳು ಬಹಳ ಹೊತ್ತು ಬರಲಿಲ್ಲ. ನಾನು ಹಿಂದೆ ಹೋಗಲಿಲ್ಲ.

ಆಗಸ್ಟ್ 4

ಬೆಳಿಗ್ಗೆ ಹತ್ತಕ್ಕೆ ತೇಜು ಗಾಡಿ ತೆಗೆದುಕೊಂಡು ಚಿಕ್ಕಜಾಲಕ್ಕೆ ಹೊರಟಳು, ದೊಡ್ಡಪ್ಪನಿಗೆ ತೋರಿಸಲು. ಟ್ಯಾಂಕಿಗೆ ಕಡು ಹಸಿರು ಬಣ್ಣ. ಬೀದಿಯ ಹುಡುಗರೆಲ್ಲ ಸುತ್ತ ಸೇರಿದ್ದರು. ಪಕ್ಕದ ಮನೆಯವರು ಸದ್ದಿಗೆ ಕಿಟಕಿ ಮುಚ್ಚಿಕೊಂಡರು. ನಮ್ಮವರು ಎರಡೂ ಟೈರು ಒತ್ತಿ ನೋಡಿ, ಹೆಲ್ಮೆಟ್ಟಿನ ಪಟ್ಟಿ ಎಳೆದು ನೋಡಿ ಸುಮ್ಮನೆ ಪಕ್ಕಕ್ಕೆ ನಿಂತರು. ಮೊದಲ ತಿರುವಿನಲ್ಲಿ ದೊಡ್ಡ ಕೆಂಪು ಲೈಟು ಒಂದು ಸಲ ಹತ್ತಿ ಆರಿತು.

ಈಗ ತಾಹೆರಾ ಅವರ ಅಂಗಡಿಯ ಕೆಲಸ ನನಗೂ ಬರುತ್ತದೆ; ಹೊಲಿಯಲು ಐದು ಸೀಟು ಕಳಿಸಿದ್ದಾರೆ, ನಾಳೆ ಬೆಳಿಗ್ಗೆಗೆ ಬೇಕಂತೆ. ಕೂತೆ. ಅವರ ಹಳೆಯ ದಪ್ಪ ಮೆಷಿನ್ನನ್ನು ನನಗೇ ಕೊಟ್ಟಿದ್ದಾರೆ, ಪೆಡಲ್ ಇನ್ನೂ ಕಾಲಿಗೆ ಒಗ್ಗಿಲ್ಲ.

ಐದು ಗಂಟೆಗೆ ದೊಡ್ಡಪ್ಪ ಫೋನ್ ಮಾಡಿದರು. ನಗು ತಡೆಯಲಾಗುತ್ತಿರಲಿಲ್ಲ. "ನನ್ ಗಾಡಿ ಬಾಲ ಎಲ್ಲವ್ವ? ಕ್ಯಾನ್ ಎಲ್ಲಿಗ್ ಕಟ್ಲಿ? ಅತ್ತಿ ಕೂತೆ, ಮಂಡಿ ಬಗ್ನಿಲ್ಲ, ಇಬ್ರು ಇಡ್ಕಂಡು ಇಳುಸುದ್ರು." ಆಮೇಲೆ, ಚೆನ್ನಾಗಿ ಮಾಡವ್ಳೆ ಕಣವ್ವ, ಆ ಸದ್ದು ಕೇಳಿ ಎಷ್ಟ್ ವರ್ಸ ಆಗಿತ್ತು ಎಂದರು. ಊಟ ಮಾಡಿಕೊಂಡು ಎರಡು ಗಂಟೆಗೇ ಹೊರಟಳಂತೆ; ಅರ್ಧ ಗಂಟೆಯ ದಾರಿ. ಸರಿ ದೊಡ್ಡಪ್ಪ ಎಂದು ಫೋನಿಟ್ಟು ಮೂರನೇ ಸೀಟಿನ ಅಂಚು ಮುಗಿಸಿದೆ. ನಾಲ್ಕನೆಯದಕ್ಕೆ ದಾರ ಬದಲಾಯಿಸಬೇಕಿತ್ತು, ಕಪ್ಪು ದಾರದ ಉಂಡೆ ಎಲ್ಲೋ ಉರುಳಿಹೋಗಿತ್ತು. ಹುಡುಕಿದೆ.

ದೀಪ ಹಚ್ಚುವ ಹೊತ್ತಿಗೆ ಬಂದಳು. ಗಾಳಿಗೆ ಕಣ್ಣು ಕೆಂಪಾಗಿತ್ತು, ಕೂದಲಿನಲ್ಲಿ ಧೂಳು. ಚಿಕ್ಕಜಾಲದಿಂದ ಹಿಂದಕ್ಕೆ ತಿರುಗಿಸಲು ಮನಸ್ಸಾಗಲಿಲ್ಲವಂತೆ. ದೇವನಹಳ್ಳಿ ದಾಟಿ, ನಂದಿಯ ತಪ್ಪಲಿನವರೆಗೆ ಹೋಗಿ, ಒಂದು ದ್ರಾಕ್ಷಿ ತೋಟದ ಬೇಲಿಯ ಹತ್ತಿರ ಗಾಡಿ ನಿಲ್ಲಿಸಿ, ಎಂಜಿನ್ ತಣ್ಣಗಾಗುವವರೆಗೂ ಕೂತಿದ್ದಳಂತೆ. ಎಲ್ಲ ಹೇಳಿದಳು, ಒಂದೊಂದೇ, ಹೆಲ್ಮೆಟ್ಟನ್ನು ಮಡಿಲಲ್ಲಿಟ್ಟುಕೊಂಡು. ಎರಡನೇ ಗೇರಿನಲ್ಲಿ ಏನೋ ಕಿರಿಕಿರಿ ಇದೆ, ನಾಳೆ ನೋಡಬೇಕು ಎಂದಳು.

ಎರಡು ಮುದ್ದೆ ತಿಂದಳು. ನಾನು ತಲೆಗೆ ಒಂದರಂತೆ ಮಾಡಿದ್ದೆ. ನನ್ನದನ್ನು ಅವಳಿಗೆ ಹಾಕಿ, ನಾನು ಅನ್ನ ಸಾರು ಉಂಡೆ. ಐದನೇ ಸೀಟು ಬಾಕಿ ಇದೆ.